ಸೊಕ್ಕೆಯ ದಾರಿ ಕೇಸು, ಸೋತವರ ಬಾಯಲ್ಲಿ

ದುರ್ಗಾಂಬಿಕಾ ಜೊತೆ ವಾದಕ್ಕಿಳಿದು ಗೆದ್ದವರು ಜಗಳೂರಿನಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಕೋರ್ಟಿನ ಮುಂದಿನ ಚಹಾದಂಗಡಿಯವನೂ ನಗುತ್ತಾನೆ. ತರಕಾರಿ ಮಾರುವವಳ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ, ಗ್ಯಾಸ್ ಸಿಲಿಂಡರ್ ತರುವವನ ಹತ್ತಿರ, ಕೊನೆಗೆ ದೇವರ ಮನೆಯಲ್ಲಿ ದೇವರ ಹತ್ತಿರವೂ ಈ ವಕೀಲೆಯದ್ದು ಒಂದು ವಾದ ಇದ್ದೇ ಇರುತ್ತದೆ. ಗಂಡ ಮಾರುತೇಶ್ ಲೈನ್‌ಮನ್ ಕೆಲಸ ಮಾಡಿ ನಿವೃತ್ತನಾದವನು. ಕರೆಂಟ್ ಕಂಬದ ಮೇಲೆ ಸಿಗುತ್ತಿದ್ದ ನೆಮ್ಮದಿ ಮನೆಯಲ್ಲಿ ಸಿಗಲಿಲ್ಲ ಅಂತ ಅವನು ತಮಾಷೆ ಮಾಡುವುದುಂಟು. ಹೆಂಡತಿ ಊರಲ್ಲಿಲ್ಲದಾಗ ಮಾತ್ರ.

ಅವಳ ಅಪ್ಪ ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಪತ್ರ ಬರೆಯುತ್ತಿದ್ದವರು. ಕ್ರಯಪತ್ರ, ಪಾಲುಪತ್ರ, ಯಾರು ಏನು ಹೇಳಿದರೂ ಚೆಂದ ಮಾಡಿ ಬರೆದುಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅದೇ ಮೇಜಿನ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದ ಹುಡುಗಿಯ ಕಿವಿಗೆ ಬೀಳುತ್ತಿದ್ದುದೆಲ್ಲ ಜಗಳವೇ. ಬದು ಒತ್ತಿದ ಜಗಳ, ಗೋಡೆ ಎತ್ತಿದ ಜಗಳ, ಸತ್ತವರ ಮಾತನ್ನು ತಿರುಚಿದ ಜಗಳ. ಇವರಿಗೆ ಯಾರಾದರೂ ಸರಿಯಾಗಿ ಒಂದು ಮಾತು ಹೇಳಬಾರದೇ ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ಹಟವಾಗಿ ದಾವಣಗೆರೆಯಲ್ಲಿ ಕಾನೂನು ಓದಿ ಬಂದಳು. ಕಪ್ಪು ಕೋಟು ಹಾಕಿಕೊಂಡು ಕೋರ್ಟಿಗೆ ಕಾಲಿಟ್ಟ ದಿನ ಅಲ್ಲಿದ್ದ ಗುಮಾಸ್ತನೊಬ್ಬ, "ಸಾಕ್ಷಿ ಹೇಳೋರು ಹೊರಗೆ ನಿಲ್ರಮ್ಮ" ಅಂದಿದ್ದ. ಆಮೇಲೆ ಅವಳನ್ನು ಹೊರಗೆ ನಿಲ್ಲಿಸುವ ಧೈರ್ಯ ಯಾರೂ ಮಾಡಿಲ್ಲ.

ಅಂಥವಳು ಈ ಸಲದ ಬೇಸಿಗೆ ರಜೆಯ ಕೊನೆಯ ವಾರ ಪೂರ್ತಿ ಯಾರೊಂದಿಗೂ ವಾದ ಮಾಡಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡಳು. ತರಕಾರಿಯವಳು ಹೇಳಿದ ಬೆಲೆಗೇ ಬದನೆಕಾಯಿ ತಂದಳು. ಮಾರುತೇಶ್‌ಗೆ ನಿಜಕ್ಕೂ ಗಾಬರಿಯಾಯಿತು. "ಮೈಯಾಗೆ ಹುಷಾರಿಲ್ಲೇನು? ನಡಿ, ಶುಗರ್ರು ಬಿಪಿ ಚೆಕ್ ಮಾಡಿಸ್ಕಂಡು ಬರಾನ" ಅಂದ.

ಅವಳ ಮೈಗೇನೂ ಆಗಿರಲಿಲ್ಲ. ಹೊನ್ನಾಳಿಯಿಂದ ಒಂದು ಫೋನು ಬಂದಿತ್ತು, ಅಷ್ಟೇ.

ಫೋನು ಮಾಡಿದವರು ತಿಪ್ಪೇರುದ್ರಸ್ವಾಮಿಗಳು. ಸಾಸ್ವೆಹಳ್ಳಿಯಿಂದ ಹೊನ್ನಾಳಿ ಕೋರ್ಟಿಗೆ ಇವತ್ತಿಗೂ ಬಸ್ಸಲ್ಲೇ ಬಂದು ಹೋಗುವ ಈ ಹಿರಿಯ ವಕೀಲರು ಸುತ್ತಲಿನ ತಾಲ್ಲೂಕುಗಳ ವಕೀಲರಿಗೆಲ್ಲ ದೊಡ್ಡಣ್ಣ ಇದ್ದ ಹಾಗೆ. ಪ್ರತಿ ವರ್ಷ ರಜೆ ಮುಗಿದು ಕೋರ್ಟಿನ ಬಾಗಿಲು ತೆರೆಯುವ ಮುಂಚೆ ಅವರು ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರಿನ ಒಂದಷ್ಟು ವಕೀಲರನ್ನು ತಮ್ಮ ಆಫೀಸಿನ ಮಹಡಿಯ ಮೇಲೆ ಸೇರಿಸುತ್ತಾರೆ. ಕಳೆದೊಂದು ವರ್ಷದಲ್ಲಿ ಹೈಕೋರ್ಟು ಏನೇನು ತೀರ್ಪು ಕೊಟ್ಟಿತು, ಅದರಲ್ಲೂ ನಮ್ಮ ಕಡೆಯಿಂದ ಮೇಲಕ್ಕೆ ಹೋದ ಕೇಸುಗಳ ಗತಿ ಏನಾಯಿತು ಅಂತ ಕೂತು ನೋಡುವ ಕೂಟ ಅದು. ಸ್ವಾಮಿಗಳ ಅಣ್ಣನ ಮಗಳು ಸಂಧ್ಯಾರಾಣಿ ಬೆಂಗಳೂರಿನ ಹೈಕೋರ್ಟಿನಲ್ಲಿ ವಕೀಲೆ. ತೀರ್ಪಿನ ಪ್ರತಿಗಳನ್ನು ಹುಡುಕಿ ಚಿಕ್ಕಪ್ಪನಿಗೆ ಕಳಿಸುವುದು ಅವಳ ಪಾಲಿನ ಕೆಲಸ.

ಈ ಕೂಟಕ್ಕೆ ಒಂದು ಕಟ್ಟಳೆ ಇದೆ. ಗೆದ್ದವರು ತಮ್ಮ ಕೇಸಿನ ಬಗ್ಗೆ ಬಾಯಿ ಬಿಡುವಂತಿಲ್ಲ. ಸೋತವರೇ ಎದ್ದು ನಿಂತು ತಾವು ಹೇಗೆ ಸೋತೆವು ಅನ್ನುವುದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. "ಗೆದ್ದೋರು ತೀರ್ಪಿನ ಕೊನೇ ಸಾಲು ಓದಿ ಸ್ವೀಟು ಹಂಚಾಕೆ ಹೋಗ್ತಾರಪ್ಪ. ಸೋತೋರಷ್ಟು ಶ್ರದ್ಧೆಯಿಂದ ತೀರ್ಪು ಓದೋರು ಯಾರೂ ಇಲ್ಲ" ಅನ್ನುವುದು ಸ್ವಾಮಿಗಳ ಅನುಭವ. ಅಷ್ಟೇ ಅಲ್ಲ, ಮನೆಯಲ್ಲಿ ಓದಿಕೊಂಡು ಬರುವಂತೆಯೂ ಇಲ್ಲ. ಬೆಳಿಗ್ಗೆ ಪ್ರತಿ ಕೈಗೆ ಕೊಡುತ್ತಾರೆ, ಕರಿ ಕೋಟಿನ ದೊಡ್ಡ ಮನುಷ್ಯರೆಲ್ಲ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಬಗ್ಗಿ ಓದುತ್ತಾರೆ. ಅದೂ ಕೊನೆಯ ಹಾಳೆ ಬಿಟ್ಟು. ಅಪೀಲು ಒಪ್ಪಿದೆಯೋ ವಜಾ ಮಾಡಿದೆಯೋ ಅಂತ ಬರೆದಿರುವ ಆ ಹಾಳೆ ಸ್ವಾಮಿಗಳ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಇರುತ್ತದೆ. ಕಾರಣ ತಿಳಿದ ಮೇಲೆ ಫಲ ತಿಳಿದರೆ ಸಾಕು ಅನ್ನುವುದು ಅವರ ಹಟ.

ಅವತ್ತು ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ದುರ್ಗಾಂಬಿಕಾ, ಈ ಸಲ ಆ ಸೊಕ್ಕೆ ದಾರಿ ಕೇಸು ನೀವು ಹೇಳ್ಬೇಕಮ್ಮ. ಮಜ್ಜಿಗೆ ಗಿಜ್ಜಿಗೆ ಎಲ್ಲಾ ವ್ಯವಸ್ಥೆ ಮಾಡೀನಿ, ಬಿಸಿಲು ಜಾಸ್ತಿ, ಜಲ್ದಿ ಬಸ್ ಹತ್ತಿ ಬಂದ್ಬಿಡ್ರಿ."

ಹೇಳಬೇಕು ಅಂದರೆ ಸೋತೆ ಅಂತಲೇ ಅರ್ಥ. 

ತೀರ್ಪು ಹೊರಬಿದ್ದದ್ದು ರಜೆ ಶುರುವಾಗುವ ಹೊತ್ತಿಗೆ. ಹೈಕೋರ್ಟಿನಲ್ಲಿ ಅವಳ ಪರವಾಗಿ ನಿಂತಿದ್ದ ಬೆಂಗಳೂರಿನ ವಕೀಲರು ಕೇದಾರನಾಥಕ್ಕೆ ಹೋಗಿ ಫೋನು ಆಫ್ ಮಾಡಿಕೊಂಡಿದ್ದರು. ಮೊಬೈಲಿನಲ್ಲಿ ನೋಡಿದರೆ ಕೇಸು 'ವಿಲೇವಾರಿ' ಅಂತಷ್ಟೇ ತೋರಿಸುತ್ತಿತ್ತು. ಸ್ವಾಮಿಗಳಿಗೇ ತಿರುಗಿ ಫೋನು ಮಾಡಿ ಕೇಳಬಹುದಿತ್ತು. ಮಾಡಿದಳು ಕೂಡ, ರಿಂಗ್ ಆಗುತ್ತಲೇ ಕಟ್ ಮಾಡಿದಳು. ಕೇಳಿಬಿಟ್ಟರೆ ತನ್ನ ಕಕ್ಷಿದಾರಳಾದ ದ್ಯಾಮಮ್ಮನ ದಾರಿ ಇವತ್ತೇ ಹೋಗುತ್ತದೆ, ಕೇಳದಿದ್ದರೆ ಕೂಟದ ದಿನದವರೆಗಾದರೂ ಇರುತ್ತದೆ ಅಂತ ಅನ್ನಿಸಿತು. ಕಾನೂನು ಓದಿದವಳು ಹೀಗೆಲ್ಲ ಯೋಚಿಸಬಾರದು. ಆದರೆ ಹೆದರಿಕೆಗೆ ಕಾನೂನು ಎಲ್ಲಿ ಗೊತ್ತು?

ದ್ಯಾಮಮ್ಮನ ಮನೆ ಇರುವುದು ಸೊಕ್ಕೆ ಊರಿನ ಹೊರಗೆ, ಅವಳ ಹೊಲದಲ್ಲಿ. ಊರೊಳಗಿನ ಮನೆ ಪಾಲಿನಲ್ಲಿ ಮೈದುನನಿಗೆ ಹೋದಾಗ ಗಂಡ ಹೊಲದಲ್ಲೇ ಮನೆ ಕಟ್ಟಿಸಿದ. ಮನೆಗೂ ಡಾಂಬರು ರಸ್ತೆಗೂ ನಡುವೆ ಗೋಣೆಪ್ಪನ ಹೊಲ. ಆ ಹೊಲದ ಅಂಚಿಗೆ ಬಂಡಿ ದಾರಿ. ತಲೆತಲಾಂತರದಿಂದ ಎರಡೂ ಮನೆಯ ಬಂಡಿಗಳು ಅದರಲ್ಲೇ ಓಡಾಡಿದ್ದವು, ಯಾರ ತಕರಾರೂ ಇರಲಿಲ್ಲ. ದ್ಯಾಮಮ್ಮನ ಗಂಡ ತೀರಿಕೊಂಡ ಮೇಲೆ ಬದುವಿನ ಮೇಲಿನ ಒಂದು ಜಾಲಿ ಮರ ಯಾರದು ಅಂತ ಮಾತಿಗೆ ಮಾತು ಬೆಳೆಯಿತು. ಮರ ಹಾಳಾಗಿ ಹೋಗಲಿ, ಗೋಣೆಪ್ಪ ಸಿಟ್ಟಿನಲ್ಲಿ ಜೆಸಿಬಿ ತರಿಸಿ ದಾರಿಗೆ ಅಡ್ಡ ಗುಂಡಿ ತೋಡಿಸಿಬಿಟ್ಟ. ಜನ ಪಕ್ಕದಿಂದ ದಾಟಬಹುದು, ಗಾಲಿ ದಾಟಲಾರದು.

ಆಗ ದ್ಯಾಮಮ್ಮನ ಸೊಸೆ ಅನಿತಾ ತುಂಬು ಬಸುರಿ. ಹೆರಿಗೆಗೆ ತವರಿಗೆ ಹೋಗುವ ಮುಂಚೆಯೇ ಒಂದು ಮಳೆಯ ದಿನ ನೋವು ಕಾಣಿಸಿಕೊಂಡಿತು. ಆಂಬುಲೆನ್ಸು ರಸ್ತೆಯಲ್ಲೇ ನಿಂತಿತು. ಅವಳನ್ನು ಮಂಚದ ಮೇಲೆ ಮಲಗಿಸಿ ಹೊತ್ತು ತರುವಾಗ ಗುಂಡಿಯ ಹತ್ತಿರ ಒಬ್ಬನ ಕಾಲು ಜಾರಿ ಮಂಚ ವಾಲಿತು. ಬಿದ್ದೇ ಹೋಗುತ್ತಿದ್ದಳು. ಮಗು ಹುಟ್ಟಿದ್ದು ರಸ್ತೆ ಬದಿಯಲ್ಲಿ ನಿಂತ ಆಂಬುಲೆನ್ಸಿನೊಳಗೆ. ತಾಯಿ ಮಗು ಇಬ್ಬರೂ ಉಳಿದರು, ಪುಣ್ಯ. ಅಲ್ಲಿಂದ ಬಾಣಂತನಕ್ಕೆ ನ್ಯಾಮತಿಯ ತವರಿಗೆ ಹೋದ ಅನಿತಾ ತಿರುಗಿ ಬರಲಿಲ್ಲ. "ಮನೆ ಬಾಗ್ಲಿಗೆ ಗಾಡಿ ಬರೋ ದಿನ ಬರ್ತೀನಿ. ಅಲ್ಲಿ ತನಕ ಕರೀಬ್ಯಾಡ್ರಿ" ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ದ್ಯಾಮಮ್ಮನಿಗೂ ಮನಸ್ಸಾಗಲಿಲ್ಲ. ಮಗ ಶರಣು ವಾರಕ್ಕೊಮ್ಮೆ ನ್ಯಾಮತಿಗೂ ಸೊಕ್ಕೆಗೂ ಓಡಾಡುತ್ತಾ ಎರಡು ಕಡೆಯೂ ಬೈಸಿಕೊಳ್ಳುತ್ತಿದ್ದ. ಮೊಮ್ಮಗಳಿಗೆ ಈಗ ಶಾಲೆಗೆ ಸೇರಿಸುವ ವಯಸ್ಸು. ಅಜ್ಜಿ ಅಂದರೆ ಅದಕ್ಕೆ ಫೋನಿನೊಳಗೆ ಕಾಣುವ ಮುಖ.

ಜಗಳೂರಿನ ಕೋರ್ಟಿನಲ್ಲಿ ದುರ್ಗಾಂಬಿಕಾ ಕೇಸು ಗೆದ್ದಳು. ದಾವಣಗೆರೆಯ ಮೇಲಿನ ಕೋರ್ಟಿನಲ್ಲಿ ಸೋತಳು. ದ್ಯಾಮಮ್ಮನ ಪರವಾಗಿ ಹೈಕೋರ್ಟಿಗೆ ಅಪೀಲು ಹೋಯಿತು. ತೀರ್ಪಿನವರೆಗೆ ಎಲ್ಲ ಇದ್ದ ಹಾಗೇ ಇರಲಿ ಅಂತ ಅಲ್ಲಿ ಆದೇಶವಾಯಿತು. ಇದ್ದ ಹಾಗೇ ಅಂದರೆ ಗುಂಡಿಯೂ ಇದ್ದ ಹಾಗೇ.

ಕೂಟಕ್ಕೆ ಹೊರಡುವ ಹಿಂದಿನ ದಿನ ದ್ಯಾಮಮ್ಮ ಪುಂಡಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಮನೆಗೇ ಬಂದಳು.

"ಲಾಯರಮ್ಮಾ, ಶರಣು ಮೊಬೈಲ್ನಾಗೆ ನೋಡಿದ್ನಂತೆ. ಕೇಸು ಮುಗ್ದೈತೆ ಅಂತಾನೆ. ಹೌದೇನು?"

"ಮುಗ್ದೈತೆ ಕಣಮ್ಮ. ಏನಾಗೈತೆ ಅಂತ ಕಾಗದ ಕೈಗೆ ಬಂದಿಲ್ಲ."

"ಏನಾಗಿರ್ತೈತೆ?"

ದುರ್ಗಾಂಬಿಕಾ ಸೊಪ್ಪಿನ ಕಟ್ಟು ಬಿಚ್ಚಿ ಮತ್ತೆ ಕಟ್ಟಿದಳು. ಸುಳ್ಳು ಹೇಳುವುದು ಅವಳಿಗೆ ಆಗಿಬರುವುದಿಲ್ಲ, ನಿಜ ಹೇಳುವುದಕ್ಕೆ ಬಾಯಿ ಬರಲಿಲ್ಲ. "ರಜೆ ಐತೆ. ಕಾಗದ ಬರ್ಲಿ, ಆಮೇಲೆ ನೋಡಾನ" ಅಂದಳು.

ದ್ಯಾಮಮ್ಮ ಅವಳ ಮುಖ ನೋಡಿದಳು. "ಹೆಂಗಾದ್ರೂ ಆಗ್ಲಿ. ನೀವು ಸಣ್ಣ ಮುಖ ಮಾಡ್ಕಬ್ಯಾಡ್ರಿ. ನೀವು ಕಮ್ಮಿ ಬಡಿದಾಡೀರಾ?" ಅಂತ ಹೇಳಿ, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ದುರ್ಗಾಂಬಿಕಾಗೆ ಅನ್ನಿಸಿತು. ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮಹಡಿಯ ಮೆಟ್ಟಿಲ ಬುಡದಲ್ಲೇ ಪರಶುರಾಮ್ ಸಿಕ್ಕಿದ. ಚನ್ನಗಿರಿಯ ವಕೀಲ, ಗೋಣೆಪ್ಪನ ಪರ ವಾದ ಮಾಡಿದವನು. ಗೋಣೆಪ್ಪನ ಹೆಂಡತಿಯ ತವರು ಚನ್ನಗಿರಿ ಪಕ್ಕದ ನಲ್ಲೂರು. ಭಾವನಿಗೆ ಒಳ್ಳೇ ವಕೀಲ ಬೇಕು ಅಂತ ಅಲ್ಲಿಯ ಭಾವಮೈದುನರು ಇವನನ್ನು ಹಿಡಿದು ಕಳಿಸಿದ್ದರು. ಕೇಸು ನಡೆದಷ್ಟು ಕಾಲವೂ ಇವರಿಬ್ಬರೂ ಜಗಳೂರು ಕೋರ್ಟಿನಲ್ಲಿ ಹಾವು ಮುಂಗುಸಿಯ ಹಾಗೆ ಕಾದಾಡಿದವರು. ಇವತ್ತು ನೋಡಿದರೆ ಪರಶುರಾಮನ ಮುಖ ಬಾಡಿಹೋಗಿತ್ತು.

"ಹೋಗ್ಲಿ ಬಿಡ್ರಿ ಮೇಡಂ, ಕೇಸು ಅಂದ್ಮೇಲೆ ಒಬ್ರು ಸೋಲಲೇಬೇಕು" ಅಂದ.

ಗೆದ್ದವನ ಈ ಸಮಾಧಾನ ಯಾರಿಗೆ ಬೇಕಾಗಿತ್ತು? ಅದೂ ಹೀಗೆ ಮುಖ ಜೋಲು ಬಿಟ್ಟುಕೊಂಡು ಬೇರೆ, ನಾಟಕ. "ನಿಮ್ಗೇನ್ರಿ, ನೀವು ಹೇಳ್ತೀರಿ" ಅಂತ ಸಿಡುಕಿ ದುರ್ಗಾಂಬಿಕಾ ಮೆಟ್ಟಿಲು ಹತ್ತಿದಳು. ಹಿಂದೆ ಪರಶುರಾಮ್, "ಹಂಗಿಸ್ಲಿ, ಹಂಗಿಸ್ಲಿ, ಗೆದ್ದೋರ ಟೈಮು" ಅಂತ ಗೊಣಗಿದ್ದು ಕೇಳಿಸಿತು. ಇವನಿಗೆ ಬಿಸಿಲು ತಲೆಗೆ ಹತ್ತಿದೆ ಅಂದುಕೊಂಡಳು.

ಮಹಡಿಯ ಮೇಲೆ ಉದ್ದಕ್ಕೆ ಜಮಖಾನ ಹಾಸಿತ್ತು. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ಕೊಡುತ್ತಿತ್ತು. ಸ್ವಾಮಿಗಳು ಒಬ್ಬೊಬ್ಬರ ಮೊಬೈಲನ್ನೂ ಬೆತ್ತದ ಬುಟ್ಟಿಗೆ ಹಾಕಿಸಿಕೊಂಡು ಪ್ರತಿ ಹಂಚಿದರು. ದುರ್ಗಾಂಬಿಕಾಗೆ ಒಂದು ಕೊಟ್ಟರು, ಎದುರಿಗೆ ಕೂತಿದ್ದ ಪರಶುರಾಮನಿಗೂ ಒಂದು ಕೊಟ್ಟರು. ಎರಡೂ ಅದೇ ಸೊಕ್ಕೆಯ ದಾರಿ ಕೇಸು. ಸೋಲಿಸಿದವನ ಎದುರೇ ಕೂತು ಓದಬೇಕಲ್ಲಪ್ಪ ಅಂತ ಅವಳು ಹಲ್ಲು ಕಚ್ಚಿ ಪುಟ ತೆರೆದಳು.

ಮೊದಲ ಪುಟಗಳಲ್ಲಿ ಊರು, ಹೊಲ, ಗುಂಡಿ, ಮಂಚ. ಅನಿತಾಳ ಹೆರಿಗೆಯ ಸಂಗತಿ ಇಂಗ್ಲಿಷಿನಲ್ಲಿ ತಣ್ಣಗೆ ಎರಡು ಸಾಲಲ್ಲಿ ಮುಗಿದುಹೋಗಿತ್ತು. ಆಮೇಲೆ ಅವಳ ವಾದ ಬಂತು.

ದಾರಿಯ ಹಕ್ಕು ಎರಡು ರೀತಿಯಲ್ಲಿ ಬರಬಹುದು. ಹೊಲಕ್ಕೆ ಹೋಗಲು ಬೇರೆ ದಾರಿಯೇ ಇಲ್ಲ ಅಂದರೆ ಕಾನೂನು ದಾರಿ ಕೊಡುತ್ತದೆ, ಅದೊಂದು. ಬಹುಕಾಲದಿಂದ ಯಾರ ಅಪ್ಪಣೆಯನ್ನೂ ಕೇಳದೆ, ಯಾರೂ ತಡೆಯದೆ ಓಡಾಡಿಕೊಂಡು ಬಂದಿದ್ದರೆ ಆ ಓಡಾಟವೇ ಹಕ್ಕಾಗುತ್ತದೆ, ಅದಿನ್ನೊಂದು. ದುರ್ಗಾಂಬಿಕಾ ಮೊದಲನೆಯದನ್ನು ಗಟ್ಟಿಯಾಗಿ ಹಿಡಿದಿದ್ದಳು. ತುಂಬಿದ ಬಸುರಿಯನ್ನು ಮಂಚದಲ್ಲಿ ಹೊತ್ತು ತಂದ ಮೇಲೆ ಬೇರೆ ದಾರಿ ಇಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಅಂತ ಅವಳ ನಂಬಿಕೆ. ಎರಡನೆಯದನ್ನು ದಾವೆಯ ಕೊನೆಯಲ್ಲಿ, ಊಟಕ್ಕೆ ಉಪ್ಪಿನಕಾಯಿ ಇಟ್ಟ ಹಾಗೆ, ಒಂದು ಪ್ಯಾರಾ ಬರೆದು ಬಿಟ್ಟಿದ್ದಳು.

ಹೈಕೋರ್ಟು ಆ ನಂಬಿಕೆಯನ್ನು ಬುಡಸಮೇತ ಕಿತ್ತು ಹಾಕಿತ್ತು. ಹೊಲದ ಹಿಂದೆ ಹಳ್ಳ ಇದೆ, ಬೇಸಿಗೆಯಲ್ಲಿ ಹಳ್ಳದೊಳಗಿಂದ ಟ್ರ್ಯಾಕ್ಟರು ಬರುತ್ತದೆ ಅಂತ ದ್ಯಾಮಮ್ಮನೇ ಸಾಕ್ಷಿಯಲ್ಲಿ ಒಪ್ಪಿದ್ದಾಳೆ. ಕಷ್ಟದ ದಾರಿಯಾದರೂ ಅದು ದಾರಿಯೇ. "ಹಳ್ಳದ ದಾರಿ ಇರುವುದನ್ನು ವಾದಿಯೇ ಒಪ್ಪಿರುವಾಗ, ದಾರಿಯೇ ಇಲ್ಲವೆಂಬ ವಾದವನ್ನು ಆಕೆಯ ವಕೀಲರು ಇಷ್ಟು ದೂರ ಎಳೆದ ಕಾರಣ ತಿಳಿಯದಾಗಿದೆ" ಅಂತ ನ್ಯಾಯಮೂರ್ತಿಗಳು ಬರೆದಿದ್ದರು.

ದುರ್ಗಾಂಬಿಕಾಳ ಕಣ್ಣು ಮಂಜಾಯಿತು. ಮುಖಕ್ಕೆ ಹೊಡೆದ ಹಾಗಾಯಿತು. ತಾನೇ ಕೆಡಿಸಿದೆ. ದ್ಯಾಮಮ್ಮ ನಿಜವನ್ನೇ ಹೇಳಿದ್ದಳು, ಆ ನಿಜದ ಮೇಲೆ ವಾದ ಕಟ್ಟುವುದು ಬಿಟ್ಟು ತಾನು ಹಟ ಹಿಡಿದೆ. ಇನ್ನು ಆ ಮಗು ಅಜ್ಜಿಯನ್ನು ಫೋನಿನಲ್ಲೇ ನೋಡಬೇಕು. ಎದುರಿಗೆ ನೋಡಿದರೆ ಪರಶುರಾಮನ ಮುಖ ನಿಧಾನಕ್ಕೆ ಅರಳುತ್ತಿತ್ತು. ಅವನೂ ಇದೇ ಪುಟದಲ್ಲಿದ್ದಾನೆ ಅಂತ ಗೊತ್ತಾಯಿತು. ಗೆದ್ದದ್ದು ಗೊತ್ತಿದ್ದೂ ಹೊಸದಾಗಿ ಗೆದ್ದವನ ಹಾಗೆ ಹಿಗ್ಗುತ್ತಾನಲ್ಲ, ಎಂಥಾ ಮನುಷ್ಯ!

ಓದುವುದು ಬಿಟ್ಟು ಏಳಬೇಕು ಅನ್ನಿಸಿತು. ಆದರೆ ಹೇಳಬೇಕಾದವಳು ಪೂರ್ತಿ ಓದಲೇಬೇಕು. ಪುಟ ತಿರುಗಿಸಿದಳು. ಮುಂದಿನ ಪುಟದಲ್ಲಿ ಗೋಣೆಪ್ಪನ ಸಾಕ್ಷಿ ಇತ್ತು.

ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅವಳ ಪಾಟೀಸವಾಲು ಮುಗಿದಿತ್ತು. ಗೋಣೆಪ್ಪ ಇನ್ನೇನು ಕಟಕಟೆ ಇಳಿಯಬೇಕು, ಪರಶುರಾಮ್ ಎದ್ದು, "ಒಂದೇ ಪ್ರಶ್ನೆ ಸ್ವಾಮಿ" ಅಂದ. ಬಂಡಿ ಹೊಡೆಯೋ ಮುಂಚೆ ದ್ಯಾಮಮ್ಮನ ಮನೆಯವರು ನಿಮ್ಮಪ್ಪನ ಅಪ್ಪಣೆ ಕೇಳುತ್ತಿದ್ದರಾ ಅಂತ ಕೇಳಿದ. ಕೇಳುತ್ತಿದ್ದರು ಅಂತ ಗೋಣೆಪ್ಪ ಅಂದರೆ ಓಡಾಡಿದ್ದೆಲ್ಲ ಅವರ ದಯೆಯಿಂದ ಅಂತಾಗುತ್ತದೆ, ಹಕ್ಕು ಬಿದ್ದುಹೋಗುತ್ತದೆ. ಪರಶುರಾಮನ ಲೆಕ್ಕ ಅದು. ದುರ್ಗಾಂಬಿಕಾ ತಟ್ಟನೆ ಎದ್ದು, ಈ ಪ್ರಶ್ನೆ ಕೇಳುವ ಹಾಗಿಲ್ಲ ಅಂತ ಆಕ್ಷೇಪ ಮಾಡಿದಳು. ನ್ಯಾಯಾಧೀಶರು ಆಕ್ಷೇಪ ಒಪ್ಪಲಿಲ್ಲ. ಆ ಸಿಟ್ಟಿನಲ್ಲಿ ಅವಳು ಗೋಣೆಪ್ಪ ಕೊಟ್ಟ ಉತ್ತರವನ್ನು ಸರಿಯಾಗಿ ಕೇಳಿಸಿಕೊಂಡೂ ಇರಲಿಲ್ಲ.

ಉತ್ತರ ಇಲ್ಲಿತ್ತು. ಗೋಣೆಪ್ಪನ ಬಾಯಿಂದ ಬಂದ ಕನ್ನಡವನ್ನು ಹೈಕೋರ್ಟು ಹಾಗೇ ಎತ್ತಿ ಹಾಕಿಕೊಂಡಿತ್ತು: "ಅಪ್ಪಣೆ ಯಾತಕ್ರೀ? ನಮ್ಮಪ್ಪ ಏನು ಅಂಥ ಸಣ್ಣ ಮನುಷ್ಯನಾ? ದ್ಯಾಮಮ್ಮನ ಮಾವನ ಬಂಡಿ ನಾ ಹುಟ್ಟಾಕಿಂತ ಮುಂಚಿಂದ ಅಲ್ಲೇ ಹೋಗ್ತಿತ್ತು. ಯಾರೂ ಕೇಳಿಲ್ಲ, ಯಾರೂ ಬ್ಯಾಡ ಅಂದಿಲ್ಲ."

ಅಪ್ಪನ ಮರ್ಯಾದೆ ಉಳಿಸಲು ಹೋಗಿ ಗೋಣೆಪ್ಪ ತನ್ನ ಕೇಸನ್ನೇ ಬಿಟ್ಟುಕೊಟ್ಟಿದ್ದ. ಬಹುಕಾಲದ, ಅಪ್ಪಣೆ ಕೇಳದ, ತಡೆಯಿಲ್ಲದ ಓಡಾಟ ಅನ್ನುವುದಕ್ಕೆ ಎದುರಾಳಿಯ ಬಾಯಿಂದಲೇ ಬಂದ ಈ ಮಾತಿಗಿಂತ ಬೇರೆ ಸಾಕ್ಷಿ ಬೇಡ, ಇದನ್ನು ಕೆಳಗಿನ ಅಪೀಲು ಕೋರ್ಟು ಗಮನಿಸದೇ ಹೋದದ್ದು ತಪ್ಪು ಅಂತ ಮುಂದೆ ಬರೆದಿತ್ತು. ವಾದಿಯ ವಕೀಲರು ಈ ಪ್ರಶ್ನೆಗೇ ಆಕ್ಷೇಪ ಮಾಡಿದ್ದನ್ನು ಬರೆಯುವುದನ್ನೂ ನ್ಯಾಯಮೂರ್ತಿಗಳು ಮರೆತಿರಲಿಲ್ಲ.

ದುರ್ಗಾಂಬಿಕಾ ಆ ಪುಟವನ್ನು ಮತ್ತೆ ಓದಿದಳು. ಕೊನೆಯ ಹಾಳೆ ಬೇಕಾಗಿರಲಿಲ್ಲ. ಎದುರಿಗೆ ಪರಶುರಾಮ್ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

"ಸ್ವಾಮಿಗಳೇ, ಇದೇನ್ರೀ ಇದು? ದ್ಯಾಮಮ್ಮ ಗೆದ್ದಾಳೆ!" ಓದುವಾಗ ಮಾತಾಡುವಂತಿಲ್ಲ ಅನ್ನುವುದನ್ನೂ ಮರೆತು ಅವಳು ಕೂಗಿದಳು. "ನಂಗ್ಯಾಕೆ ಹೇಳಾಕೆ ಹಚ್ಚಿದ್ರಿ?"

"ದ್ಯಾಮಮ್ಮ ಗೆದ್ಲು. ನೀವೆಲ್ಲಿ ಗೆದ್ರಿ?" ಸ್ವಾಮಿಗಳು ಕನ್ನಡಕ ಮೇಲೆತ್ತಿದರು. "ನೀವು ಹಟ ಹಿಡಿದು ಮಾಡಿದ ವಾದ ನಿಂತೈತಾ ಅಲ್ಲಿ? ವಾದ ಸೋತೋರು ನೀವು. ಕೇಸು ಸೋತೋನು ಪರಶುರಾಮ. ಅದಕ್ಕೇ ಇಬ್ರಿಗೂ ಹೇಳಿದ್ದೆ."

"ನಿಮ್ಗೂ ಫೋನ್ ಬಂದಿತ್ತಾ?" ಅಂದಳು ದುರ್ಗಾಂಬಿಕಾ.

"ಬಂದಿತ್ರಿ ಮೇಡಂ. ಒಂದು ವಾರದಿಂದ ಸರಿಯಾಗಿ ಊಟ ಸೇರಿಲ್ಲ" ಅಂದ ಪರಶುರಾಮ್.

ಮಹಡಿ ಪೂರ್ತಿ ನಕ್ಕಿತು. ದುರ್ಗಾಂಬಿಕಾಗೆ ನಗು ಬಂತು, ನಗುತ್ತಿದ್ದ ಹಾಗೇ ಕಣ್ಣೀರೂ ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಊಟವಾದ ಮೇಲೆ ಎದ್ದು ನಿಂತು ತನ್ನ ಸೋಲನ್ನು ಹೇಳಿದಳು. ಹಳ್ಳದ ದಾರಿಯನ್ನು ಮುಚ್ಚಿಡಲು ಮಾಡಿದ ಸರ್ಕಸ್ಸು, ಗೆಲ್ಲಿಸುವ ಪ್ರಶ್ನೆಗೇ ಎದ್ದು ಮಾಡಿದ ಆಕ್ಷೇಪ, ಒಂದನ್ನೂ ಬಿಡಲಿಲ್ಲ. ಆ ಮಹಡಿಯ ಮೇಲೆ ಯಾರೂ ಅಷ್ಟು ಖುಷಿಯಿಂದ ಸೋಲು ಹೇಳಿದ್ದಿಲ್ಲ. ನ್ಯಾಯಮೂರ್ತಿಗಳು ತನ್ನನ್ನು ಚುಚ್ಚಿದ ಸಾಲನ್ನು ಕೇಳಿದವರಿಗೆಲ್ಲ ಎರಡೆರಡು ಸಲ ಓದಿ ತೋರಿಸಿದಳು.

ಬುಟ್ಟಿಯಿಂದ ಮೊಬೈಲು ತೆಗೆದುಕೊಂಡು ಮೊದಲು ದ್ಯಾಮಮ್ಮನಿಗೆ ಫೋನು ಹಚ್ಚಿದಳು.

"ದ್ಯಾಮಮ್ಮಾ, ದಾರಿ ನಮ್ದೇ ಆತು ಕಣಮ್ಮಾ!"

"ಗಾಡಿ ಬರ್ಬೌದಾ?"

"ಬರ್ಬೌದು. ಟ್ರ್ಯಾಕ್ಟರ್ರು, ಕಾರು, ಆಂಬುಲೆನ್ಸು, ಎಲ್ಲಾ ಬರ್ಬೌದು."

"ಅನಿತಾಗೆ ನೀವೇ ಹೇಳ್ರಿ ತಾಯಿ. ಇವತ್ತು ಆಗ್ತೈತೆ, ನಾಳೆ ಆಗ್ತೈತೆ ಅಂತ ಹೇಳಿ ಹೇಳಿ ನನ್ ಮಾತಿಗೆ ಬೆಲೆ ಇಲ್ಲದಂಗಾಗೈತೆ" ಅಂದು ಫೋನು ಇಟ್ಟುಬಿಟ್ಟಳು. ಅಳುತ್ತಿದ್ದಳೋ ಏನೋ, ತಿಳಿಯಲಿಲ್ಲ.

ಹೊನ್ನಾಳಿಯಿಂದ ನ್ಯಾಮತಿ ಹತ್ತಿರ. ಬಸ್ ಸ್ಟ್ಯಾಂಡಿನ ಕಡೆ ಹೊರಟವಳನ್ನು ಪರಶುರಾಮ್ ತಡೆದು, "ಕಾರೈತೆ, ಬರ್ರಿ ಬಿಡ್ತೀನಿ" ಅಂದ. ಸೋತ ದಿನ ಮನೆಗೆ ಬೇಗ ಹೋಗಲು ಅವನಿಗೂ ಮನಸ್ಸಿರಲಿಲ್ಲ. ದಾರಿಯಲ್ಲಿ ಅವಳು ಮನಸ್ಸಿನಲ್ಲಿ ಉಳಿದಿದ್ದ ಹೆದರಿಕೆಯನ್ನು ಹೊರಗೆ ಹಾಕಿದಳು. ಗೋಣೆಪ್ಪ ಸುಪ್ರೀಂ ಕೋರ್ಟಿಗೆ ಹೋಗುತ್ತಾನಾ?

"ಆಗ್ಲೇ ಫೋನ್ ಮಾಡಿದ್ದೆ. ಹೋಗಾನೇನ್ರಿ ಅಂತ ಕೇಳಿದ. ನೀವು ಸಾಕ್ಷೀಲಿ ಹಿಂಗೆ ಹೇಳೀರಿ, ಅದನ್ನೇ ಸುಳ್ಳು ಅಂತ ಹೇಳ್ಬೇಕಾಗ್ತೈತೆ ಅಂತ ಓದಿ ಹೇಳ್ದೆ. ನಮ್ಮಪ್ಪನ ಬಗ್ಗೆ ಆಡಿದ ಮಾತು ನಾ ಸುಳ್ಳು ಮಾಡಲ್ಲ, ಬಿಟ್ಟಾಕ್ರಿ ಅಂದ."

ದುರ್ಗಾಂಬಿಕಾ ಸೀಟಿಗೆ ತಲೆ ಒರಗಿಸಿದಳು. ಒಂದು ವಾರದ ನಿದ್ದೆ ಒಟ್ಟಿಗೆ ಬಂದಂತಾಯಿತು. ಗೋಣೆಪ್ಪನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಅರ್ಧ ಇಳಿದುಹೋಯಿತು. ಪೂರ್ತಿ ಇಳಿಯಲಿಲ್ಲ. ಗುಂಡಿ ತೋಡಿಸಿದ್ದು ಅವನೇ ತಾನೆ.

ಅನಿತಾ ತವರಿನ ಮನೆಯ ಕಟ್ಟೆಯ ಮೇಲೆ ಮಗಳ ತಲೆ ಬಾಚುತ್ತಿದ್ದಳು. ದುರ್ಗಾಂಬಿಕಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ. "ಜಗಳೂರು ಕೋರ್ಟ್ನಾಗೆ ಗೆದ್ದಾಗ್ಲೂ ಹಿಂಗೇ ಹೇಳಿದ್ರಿ ಮೇಡಂ" ಅಂದಳು.

"ನಾನು ಗೋಣೆಪ್ಪನ ಕಡೆ ವಕೀಲ ಕಣಮ್ಮ" ಅಂದ ಪರಶುರಾಮ್. "ಕೇಸು ಹೋತು. ಇನ್ ಮ್ಯಾಲೆ ಆ ದಾರಿಗೆ ಯಾರೂ ಅಡ್ಡ ಬರಂಗಿಲ್ಲ."

ಬಾಚಣಿಗೆ ನಿಂತಿತು. ಅನಿತಾ ಅವನನ್ನೊಮ್ಮೆ, ದುರ್ಗಾಂಬಿಕಾಳನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಫೋನು ತಂದು ಅತ್ತೆಗೆ ಹಚ್ಚಿ ಸ್ಪೀಕರ್ ಹಾಕಿದಳು. ಬಹಳ ಹೊತ್ತು ರಿಂಗಾಯಿತು. ಕೊನೆಗೆ ದ್ಯಾಮಮ್ಮ ಎತ್ತಿದಾಗ ಏದುಸಿರು ಕೇಳಿಸಿತು.

"ಅತ್ತೆ, ಯಾಕ್ ಹಿಂಗೆ ಉಸಿರು ಬಿಡ್ತಿದೀರಿ? ಎಲ್ಲಿದೀರಿ?"

"ಗುಂಡಿ ಹತ್ರ ಇದೀನಿ ಮಗಾ. ಲಾಯರಮ್ಮ ಫೋನ್ ಮಾಡಿದ್ ತಕ್ಷಣ ಸಲಿಕೆ ತಗಂಡು ಬಂದೆ. ಮುಚ್ತಾ ಇದೀನಿ."

"ಒಬ್ರೇನಾ?"

"ಶರಣು ಕೆಲಸಕ್ಕೆ ಹೋಗ್ಯಾನೆ. ಪರವಾಗಿಲ್ಲ, ಮಣ್ಣು ಸಡಿಲ ಐತೆ. ಇನ್ ಒಂದೆರಡು ದಿನ ತಡಿ, ಗಾಡಿ ಬಾಗ್ಲಿಗೇ ಬರಂಗೆ ಮಾಡ್ತೀನಿ. ಆಮ್ಯಾಲೆ ಬರೂವಂತೆ."

ಕೋರ್ಟಿನ ಅಧಿಕೃತ ಪ್ರತಿ ಕೈಗೆ ಬರುವ ಮುಂಚೆ ಗುಂಡಿಗೆ ಕೈ ಹಚ್ಚಬಾರದು ಅಂತ ಹೇಳಲು ದುರ್ಗಾಂಬಿಕಾ ಬಾಯಿ ತೆರೆದಳು. ಅನಿತಾ ಅವಳಿಗಿಂತ ಮುಂಚೆ ಮಾತಾಡಿದಳು.

"ಸಲಿಕೆ ಕೆಳಗಿಡ್ರಿ ಅತ್ತೆ. ಸೊಂಟ ಹಿಡ್ಕಂತೈತೆ. ನಾಳೆ ಮೊದಲ್ನೇ ಬಸ್ಸಿಗೆ ಬರ್ತೀವಿ. ರಸ್ತೇಲಿ ಇಳಿದು ನಡ್ಕಂಡೇ ಬರ್ತೀನಿ. ಗುಂಡಿ ಇಬ್ರೂ ಕೂಡಿ ಮುಚ್ಚಾನ."

ಮಗು ಫೋನಿಗೆ ಬಾಯಿ ಹಚ್ಚಿ "ಅಜ್ಜಿ" ಅಂತ ಕೂಗಿತು. ದುರ್ಗಾಂಬಿಕಾ ತೆರೆದ ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತಳು, ಅನಿತಾ ಬಟ್ಟೆ ತುಂಬಲು ಚೀಲ ಹುಡುಕಿಕೊಂಡು ಒಳಗೆ ಹೋದಳು.